ಹೇಳಿ ಮಾಡಿಸಿದ ವಾದ್ಯ: ಆರು ತಂತಿಯ ಬೇಸ್ ಗಿಟಾರಿನ ಉಗಮವನ್ನು ಕುರಿತು

ಕಳೆದ ವರ್ಷ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಅಗಲವಾದ ಕುತ್ತಿಗೆಯುಳ್ಳ ಒಂದು ವಿದ್ಯುತ್ ತಂತಿವಾದ್ಯವನ್ನು ತಂದಿದ್ದನು. ತಂತಿಗಳನ್ನು ಎಣಿಸಿ, ಆರಿರುವುದನ್ನು ಕಂಡು, ನಾವು ಅದನ್ನು ಗಿಟಾರೆಂದು ಕರೆದೆವು. “ಇದು ಗಿಟಾರಲ್ಲ ಸರ್, ಬೇಸು, ಹೇಳಿ ಮಾಡಿಸಿದ್ದು” ಎಂದು ಅವನು ವಿನಯದಿಂದಲೇ ತಿದ್ದಿದನು. ಬೇಸ್ ಗಿಟಾರಿಗೆ ನಾಲ್ಕೇ ತಂತಿಗಳೆಂದು ನಾವು ತಿಳಿದಿದ್ದೆವು. ನಮ್ಮ ಅಜ್ಞಾನವು ಅಷ್ಟಕ್ಕೇ ನಿಂತಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ವಾದ್ಯವನ್ನು ಬಿಟ್ಟು, ತಿಂಗಳುಗಟ್ಟಲೆ ಕಾದು, ಅಳತೆ ಕೊಟ್ಟು ಮಾಡಿಸಿಕೊಳ್ಳುವ ಪದ್ಧತಿಯು ಯಂತ್ರಯುಗದ ಈ ವಾದ್ಯಕ್ಕೆ ಹೇಗೆ ಬಂದಿತೆಂಬ ಪ್ರಶ್ನೆ ನಮ್ಮನ್ನು ಕಾಡಿತು. ವೀಣೆಯನ್ನು ಹೇಳಿ ಮಾಡಿಸುವುದು ನಮಗೆ ಹೊಸತಲ್ಲ. ಕಾರ್ಖಾನೆಯಲ್ಲಿಯೇ ಹುಟ್ಟಿದ ವಾದ್ಯವೊಂದು ಮರಳಿ ಕುಶಲಿಯ ಕೈಗೆ ಬಂದುದು ಹೊಸತು.

ಇದರಲ್ಲಿ ಇತಿಹಾಸಕಾರನಿಗೆ ಸಂಬಂಧಿಸಿದ ಒಂದು ತೊಡಕೂ ಇದೆ. ಹೇಳಿ ಮಾಡಿಸಿದ ವಸ್ತುವು ಯಾರ ಕೃತಿ? ಹೇಳಿದವನದೋ ಮಾಡಿದವನದೋ? ನಮ್ಮ ದೇವಾಲಯಗಳ ವಿಷಯದಲ್ಲಿ ಮಾಡಿಸಿದವನ ಹೆಸರೇ ಶಾಸನದಲ್ಲಿ ಮೊದಲು ಬರುವುದು. ಬೇಲೂರಿನಲ್ಲಿ ದಾಸೋಜ, ಚಾವಣರಂತಹ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆದಿಟ್ಟುದನ್ನು ನಾವು ವಿಶೇಷವೆಂದೇ ಎತ್ತಿ ಹೇಳುತ್ತೇವೆ. ಗಿಟಾರುಗಳಲ್ಲಿ ಇದು ತಿರುಗುಮುರುಗಾಗಿದೆ. ಬಿರಡೆಗಳಿರುವ ತಲೆಯ ಮೇಲೆ ಮಾಡಿದವನ ಹೆಸರು ಕಾಣುವುದು. ಮಾಡಿಸಿದವನ ಹೆಸರು ಬಹುಮಟ್ಟಿಗೆ ಎಲ್ಲಿಯೂ ಇರುವುದಿಲ್ಲ.

ವಿದ್ಯುತ್ ಬೇಸಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು. ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್ಮಾರ್ಕ್ ಅವರು ೧೯೩೬ರ ಸುಮಾರಿನಲ್ಲಿಯೇ ಗಿಟಾರಿನಂತೆ ಅಡ್ಡವಾಗಿ ಹಿಡಿದು ನುಡಿಸುವ, ಮೆಟ್ಟಿಲುಗಳುಳ್ಳ ಒಂದು ಬೇಸನ್ನು ಆಡಿಯೋವಾಕ್ಸ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿದ್ದರು. ಅದು ಪ್ರಚಾರಕ್ಕೆ ಬರಲಿಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ ಅವರು ೧೯೫೧ರಲ್ಲಿ ಹೊರತಂದ ‘ಪ್ರಿಸಿಷನ್ ಬೇಸ್’ ಎಂಬುದೇ ಜಗತ್ತಿನಲ್ಲೆಲ್ಲ ಹರಡಿದ ಮಾದರಿಯಾಯಿತು. ನಿಂತು ನುಡಿಸುವ ಹಿರಿಯ ಡಬಲ್ ಬೇಸಿನಲ್ಲಿ ಮೆಟ್ಟಿಲುಗಳಿಲ್ಲ. ಬೆರಳು ಸ್ವಲ್ಪ ಜಾರಿದರೂ ಸ್ವರ ತಪ್ಪುವುದು. ಫೆಂಡರರು ಮೆಟ್ಟಿಲುಗಳನ್ನು ಕೂಡಿಸಿ ಆ ಕಷ್ಟವನ್ನು ಕಳೆದರು. ‘ಪ್ರಿಸಿಷನ್’ ಎಂಬ ಹೆಸರಿಗೆ ಅದೇ ಕಾರಣ. ತಂತಿಗಳು ನಾಲ್ಕು, ಅವುಗಳ ಶ್ರುತಿ ಡಬಲ್ ಬೇಸಿನದೇ, ಎಂದರೆ ಇ, ಎ, ಡಿ, ಜಿ. ಮೀಟುವ ತಂತಿಯ ಉದ್ದ ೩೪ ಅಂಗುಲ. ಕುತ್ತಿಗೆಯನ್ನು ಒಡಲಿಗೆ ತಿರುಪುಮೊಳೆಗಳಿಂದ ಬಿಗಿಯಲಾಗಿತ್ತು; ಕೆಟ್ಟರೆ ಬಿಚ್ಚಿ ಬೇರೊಂದನ್ನು ಕೂಡಿಸಬಹುದು.

ಈ ಕೊನೆಯ ಸಂಗತಿಯನ್ನು ಓದುಗರು ಲಕ್ಷಿಸಬೇಕು. ಫೆಂಡರರು ರೇಡಿಯೋ ದುರಸ್ತಿಯ ಕಸುಬಿನಿಂದ ಬಂದವರು, ಸಂಗೀತಗಾರರಲ್ಲ. ಯಾವ ಭಾಗವನ್ನಾದರೂ ಯಾವ ವಾದ್ಯಕ್ಕಾದರೂ ಕೂಡಿಸಲು ಬರುವಂತೆ ಒಂದೇ ಅಳತೆಯಲ್ಲಿ ಮಾಡುವುದು ಅವರ ಸಾಧನೆಯ ತಿರುಳು. ಈ ಕಾರಣದಿಂದಲೇ ವಾದ್ಯವು ಅಗ್ಗವಾಯಿತು, ಸುಲಭವಾಯಿತು, ಸಾವಿರಾರು ಜನರ ಕೈಸೇರಿತು. ಅದೇ ಕಾರಣದಿಂದ ವಾದಕನ ಕೈಯ ಅಳತೆ, ಅವನ ಸಂಗೀತದ ಅಗತ್ಯ, ಇವು ಲೆಕ್ಕಕ್ಕೆ ಬಾರದೆ ಹೋದುವು. ಎಲ್ಲರಿಗೂ ಒಂದೇ ಅಂಗಿ ಹೊಲಿದಂತೆ ಎನ್ನಬಹುದು. ೧೯೬೫ರಲ್ಲಿ ಫೆಂಡರ್ ಸಂಸ್ಥೆಯನ್ನು ಸಿ.ಬಿ.ಎಸ್. ಎಂಬ ಪ್ರಸಾರ ಸಂಸ್ಥೆಯು ೧ ಕೋಟಿ ೩೦ ಲಕ್ಷ ಡಾಲರಿಗೆ ಕೊಂಡಿತು. ಅನಂತರ ತಯಾರಾದ ವಾದ್ಯಗಳು ಹಿಂದಿನಷ್ಟು ಚೆನ್ನಾಗಿಲ್ಲವೆಂಬ ದೂರು ವಾದಕರಲ್ಲಿ ಹಬ್ಬಿತು.

ಹಾಗೆಂದು ಅಂಗಡಿಯ ವಾದ್ಯವನ್ನು ಹಳಿಯುವುದು ಸರಿಯಲ್ಲ. ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ಧ್ವನಿಮುದ್ರಿಕೆಗಳಲ್ಲಿ ಜೇಮ್ಸ್ ಜೇಮರ್ಸನ್ ಅವರು ನುಡಿಸಿದ ಬೇಸು ಇಂದಿಗೂ ಆ ವಾದ್ಯದ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಅವರು ಬಳಸಿದುದು ಕಾರ್ಖಾನೆಯಿಂದ ಬಂದ ಪ್ರಿಸಿಷನ್ ಬೇಸನ್ನೇ. ತಂತಿ ತುಂಡಾಗುವವರೆಗೆ ಅದನ್ನು ಬದಲಾಯಿಸುತ್ತಿರಲಿಲ್ಲವೆಂಬುದು ಪ್ರಸಿದ್ಧವಾಗಿದೆ. ಉತ್ತಮ ಸಂಗೀತಕ್ಕೆ ಹೇಳಿ ಮಾಡಿಸಿದ ವಾದ್ಯವೇ ಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಆದರೂ ೧೯೬೯ರ ವೇಳೆಗೆ ಬೇರೆ ದಿಕ್ಕಿನಲ್ಲಿ ಯೋಚಿಸುವವರು ಕಾಣಿಸಿಕೊಂಡರು. ಸ್ಯಾನ್‌ಫ್ರಾನ್ಸಿಸ್ಕೋ ಪ್ರದೇಶದಲ್ಲಿ ರಾನ್ ಮತ್ತು ಸೂಸನ್ ವಿಕರ್‌ಶ್ಯಾಮ್ ದಂಪತಿಗಳು ಆಲೆಂಬಿಕ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲು ಅವರದು ಗ್ರೇಟ್‌ಫುಲ್ ಡೆಡ್ ಎಂಬ ತಂಡದ ಧ್ವನಿವ್ಯವಸ್ಥೆಯನ್ನು ಉತ್ತಮಪಡಿಸುವ ಕೆಲಸ. ಆ ತಂಡದ ಫಿಲ್ ಲೆಶ್, ಜೆಫರ್ಸನ್ ಏರ್‌ಪ್ಲೇನ್ ತಂಡದ ಜ್ಯಾಕ್ ಕ್ಯಾಸಡಿ, ಇವರ ಬಳಿಯಿದ್ದ ಅಂಗಡಿಯ ಬೇಸುಗಳನ್ನು ಬಿಚ್ಚಿ, ಒಳಗಿನ ವಿದ್ಯುತ್ ಮಂಡಲಗಳನ್ನು ಹೊಸದಾಗಿ ಕೂಡಿಸುತ್ತಿದ್ದರು. ರಿಪೇರಿಯು ಹೀಗೆ ಸಾಗುತ್ತಾ ಸಾಗುತ್ತಾ, ಹಳೆಯದನ್ನು ತಿದ್ದುವುದಕ್ಕಿಂತ ಹೊಸದನ್ನೇ ಮಾಡುವುದು ಲೇಸೆಂದು ತೋರಿತು. ಹೀಗೆ ೧೯೭೦ರ ದಶಕದ ಆದಿಯಲ್ಲಿ ಆಲೆಂಬಿಕ್ಕಿನ ಮೊದಲನೆಯ ಬೇಸು ಕ್ಯಾಸಡಿಯವರಿಗಾಗಿ ಸಿದ್ಧವಾಯಿತು. ಮರಗೆಲಸದ ಮುಖ್ಯಭಾಗ ರಿಕ್ ಟರ್ನರ್ ಅವರದು. ಬೇರೆಬೇರೆ ಬಣ್ಣದ ಗಟ್ಟಿಮರಗಳ ಪಟ್ಟಿಗಳನ್ನು ಅಂಟಿಸಿ, ಕುತ್ತಿಗೆಯು ಒಡಲಿನ ಕೊನೆಯವರೆಗೂ ಒಂದೇ ದಿಂಡಾಗಿ ಹಾಯುವಂತೆ ಮಾಡುವುದು, ವಾದ್ಯದೊಳಗೇ ಬ್ಯಾಟರಿಯಿಂದ ನಡೆಯುವ ವರ್ಧಕವನ್ನಿಡುವುದು, ಇವು ಆ ಸಂಸ್ಥೆಯ ವೈಶಿಷ್ಟ್ಯಗಳು. ಫೆಂಡರರ ಬಿಚ್ಚಿ ಕೂಡಿಸುವ ತತ್ತ್ವಕ್ಕೆ ಇದು ನೇರವಾಗಿ ವಿರುದ್ಧ. ಬೇಸ್ ವಾದಕನು ಅಂಗಡಿಗೆ ಹೋಗುವ ಬದಲು ಕುಶಲಿಯ ಮನೆಬಾಗಿಲಿಗೆ ಹೋಗುವ ಮೇಲ್ಪಂಕ್ತಿ ಇಲ್ಲಿಂದ ಬಲಗೊಂಡಿತು.

ಈಗ ಪ್ರಕೃತ ವಿಷಯಕ್ಕೆ ಬರುವೆವು. ಆಂಥೊನಿ ಜ್ಯಾಕ್ಸನ್ ಅವರು ೧೯೫೨ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದರು. ಇಪ್ಪತ್ತೆರಡು ವರ್ಷ ತುಂಬುವ ಮೊದಲೇ ಅವರ ಕೈಚಳಕ ಮನೆಮನೆಗೂ ಮುಟ್ಟಿತ್ತು. ಫಿಲಡೆಲ್ಫಿಯದ ಗ್ಯಾಂಬಲ್ ಮತ್ತು ಹಫ್ ಅವರ ಸಂಸ್ಥೆಯಿಂದ ೧೯೭೩ರಲ್ಲಿ ಬಂದ, ಓ’ಜೇಸ್ ತಂಡದ ‘ಫಾರ್ ದಿ ಲವ್ ಆಫ್ ಮನಿ’ ಎಂಬ ಹಾಡು ಅವರ ಬೇಸಿನ ನಡೆಯ ಮೇಲೆಯೇ ನಿಂತಿದೆ. ಬೇಸ್ ವಾದಕನಿಗೆ ದಿನಗೂಲಿ ಕೊಟ್ಟು ಕಳುಹಿಸುವುದು ಆ ಉದ್ಯಮದ ವಾಡಿಕೆ. ಈ ಹಾಡಿನಲ್ಲಿ ಮಾತ್ರ ರಚನಕಾರರ ಸಾಲಿನಲ್ಲಿ ಜ್ಯಾಕ್ಸನ್ನರ ಹೆಸರೂ ಸೇರಿದೆ. ಒಂದು ಕೃತಿಯಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಅವರ ಜೀವನದಲ್ಲಿ ಹೀಗೆ ಮೊದಲೇ ಎದ್ದಿತ್ತೆಂಬುದು ಗಮನಾರ್ಹ.

ತಮ್ಮ ಮೇಲೆ ಪ್ರಭಾವ ಬೀರಿದವರೆಂದು ಅವರು ಮೂವರನ್ನು ಹೆಸರಿಸುತ್ತಿದ್ದರು: ಮೇಲೆ ಹೇಳಿದ ಜೇಮರ್ಸನ್, ಮೇಲೆ ಹೇಳಿದ ಕ್ಯಾಸಡಿ, ಮತ್ತು ಫ್ರಾನ್ಸಿನ ಸಂಗೀತ ರಚನಕಾರ ಒಲಿವಿಯೇ ಮೆಸ್ಸಿಯಾನ್. ಮೂರನೆಯ ಹೆಸರು ಮೊದಲೆರಡರ ಜೊತೆಯಲ್ಲಿ ನಿಲ್ಲುವುದು ವಿಚಿತ್ರವಾಗಿ ಕಾಣಬಹುದು. ಆದರೆ ಮೆಸ್ಸಿಯಾನರು ಪ್ಯಾರಿಸಿನ ಚರ್ಚೊಂದರಲ್ಲಿ ದೀರ್ಘಕಾಲ ಆರ್ಗನ್ ನುಡಿಸಿದವರು, ಆ ವಾದ್ಯಕ್ಕಾಗಿ ಬರೆದವರು. ಆರ್ಗನ್ನಿನಲ್ಲಿ ಕಾಲಿನಿಂದ ತುಳಿದು ನುಡಿಸುವ ಮಂದ್ರಸ್ವರಗಳು ಬೇಸ್ ಗಿಟಾರಿನ ಎಟುಕಿಗಿಂತ ಬಹಳ ಕೆಳಗೆ ಇಳಿಯುತ್ತವೆ. ಅದನ್ನು ಕೇಳಿ ಬೆಳೆದ ಕಿವಿಗೆ ನಾಲ್ಕು ತಂತಿಯ ವಾದ್ಯದ ಕೆಳಗಿನ ಎಲ್ಲೆಯು ಇಕ್ಕಟ್ಟಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಇದು ನಮ್ಮ ಊಹೆ. ಊಹೆಯೆಂದೇ ಓದುಗರು ಗ್ರಹಿಸಬೇಕು.

ಜ್ಯಾಕ್ಸನ್ನರ ವಾದ ಸರಳವಾದುದು. ಬೇಸ್ ಗಿಟಾರು ಗಿಟಾರಿನ ವಂಶಕ್ಕೆ ಸೇರಿದುದು. ಗಿಟಾರಿಗೆ ಆರು ತಂತಿಗಳು. ಆದುದರಿಂದ ಆ ವಂಶದ ಅತ್ಯಂತ ಮಂದ್ರವಾದ್ಯಕ್ಕೂ ಆರು ತಂತಿಗಳೇ ಇರಬೇಕಾಗಿದ್ದಿತು. ಫೆಂಡರರು ಡಬಲ್ ಬೇಸಿನ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಗಿಟಾರಿನ ರೂಪವನ್ನು ಕೊಟ್ಟುದರಿಂದ ನಾಲ್ಕು ಎಂಬ ಸಂಖ್ಯೆ ಆಕಸ್ಮಿಕವಾಗಿ ಉಳಿದುಬಂದಿತು. ಈ ವಾದದಂತೆ ಇ ತಂತಿಯ ಕೆಳಗೆ ಬಿ, ಜಿ ತಂತಿಯ ಮೇಲೆ ಸಿ, ಹೀಗೆ ಎರಡು ತಂತಿಗಳನ್ನು ಕೂಡಿಸಬೇಕು. ಈ ವಾದ್ಯಕ್ಕೆ ಅವರು ‘ಕಾಂಟ್ರಾಬೇಸ್ ಗಿಟಾರ್’ ಎಂಬ ಹೆಸರನ್ನು ಬಳಸಿದರು.

ಇದರ ಅರ್ಥವೇನೆಂಬುದನ್ನು ಅಂಕಿಗಳಿಂದ ತೋರಿಸಬಹುದು. ಇ ತಂತಿಯು ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುವುದು. ಬಿ ತಂತಿಯು ಸುಮಾರು ೩೧ ಸಲ. ಪಿಯಾನೋವಿನ ಎಡತುದಿಯ ಮೊದಲನೆಯ ಬಿಳಿಯ ಮನೆ ಎ, ಎರಡನೆಯದೇ ಈ ಬಿ. ಮನುಷ್ಯನ ಕಿವಿಗೆ ಸ್ವರವಾಗಿ ಕೇಳಿಸುವ ಕೆಳಗಿನ ಎಲ್ಲೆ ಸೆಕೆಂಡಿಗೆ ೨೦ ಕಂಪನಗಳ ಹತ್ತಿರವಿದೆ. ಎಂದರೆ ಇನ್ನು ಬಹಳ ಕೆಳಗೆ ಹೋಗಲು ಎಡೆಯಿಲ್ಲ.

ಹೇಳುವುದು ಸುಲಭ, ಮಾಡುವವನು ಬೇಕು. ೧೯೭೫ರಲ್ಲಿ ಬ್ರೂಕ್ಲಿನ್‌ನ ಕಾರ್ಲ್ ಥಾಮ್ಸನ್ ಅವರು ಈ ಕೆಲಸವನ್ನು ಕೈಗೊಂಡರು. ಥಾಮ್ಸನ್ನರು ಸ್ವತಃ ಗಿಟಾರ್ ವಾದಕರು. ದುರಸ್ತಿಯ ಕೆಲಸದಿಂದ ನಿರ್ಮಾಣಕ್ಕೆ ಇಳಿದವರು. ಇಂತಹವರು ಅಳತೆಯ ಕಾಗದವನ್ನು ಓದುವುದಕ್ಕಿಂತ ವಾದಕನ ಕೈಯನ್ನು ನೋಡಿ ತಿಳಿಯುವುದೇ ಹೆಚ್ಚು. ಬೇಸನ್ನು ಒಂದು ಸ್ಥಾಯಿ ಮೇಲಕ್ಕೆ ಶ್ರುತಿಮಾಡಿ ನುಡಿಸುವ ‘ಪಿಕಲೋ ಬೇಸ್’ ಒಂದನ್ನು ಅವರು ಸ್ಟ್ಯಾನ್ಲಿ ಕ್ಲಾರ್ಕ್ ಅವರಿಗೆ ಮಾಡಿಕೊಟ್ಟಿದ್ದುದೂ ಆ ಕಾಲದ್ದೇ. ಆರು ತಂತಿಯ ಬೇಸಿಗೆ ಮೇಲ್ಪಂಕ್ತಿಯಾಗಿ ಮುಂದಿಡಬಹುದಾದ ವಾದ್ಯ ಥಾಮ್ಸನ್ನರ ಮುಂದೆ ಇರಲಿಲ್ಲ. ಡ್ಯಾನೆಲೆಕ್ಟ್ರೊ ಸಂಸ್ಥೆಯವರು ೧೯೫೬ರಲ್ಲಿ, ಫೆಂಡರ್ ಸಂಸ್ಥೆಯವರು ೧೯೬೧ರಲ್ಲಿ ಆರು ತಂತಿಯ ಬೇಸುಗಳನ್ನು ತಂದಿದ್ದುದು ನಿಜ. ಆದರೆ ಅವು ಗಿಟಾರಿನ ಆರು ಸ್ವರಗಳನ್ನೇ ಒಂದು ಸ್ಥಾಯಿ ಕೆಳಗಿಳಿಸಿದ ವಾದ್ಯಗಳು. ಕೆಳಗಿನ ತಂತಿ ಇ ಆಗಿಯೇ ಉಳಿಯಿತು, ತಂತಿಗಳೂ ಗಿಟಾರಿನಂತೆ ಒತ್ತೊತ್ತಾಗಿದ್ದುವು. ೧೯೬೫ರ ಫೆಂಡರರ ಐದು ತಂತಿಯ ಬೇಸಿನಲ್ಲಿ ಹೆಚ್ಚಿನ ತಂತಿಯು ಮೇಲಿನ ಸಿ. ಮಂದ್ರದ ಕಡೆಗೆ ಯಾರೂ ಹೋಗಿರಲಿಲ್ಲ. ‘ಮೊದಲನೆಯ ಆರು ತಂತಿಯ ಬೇಸು’ ಎಂದು ಜನರು ಬರೆಯುವಾಗ ಈ ಭೇದವನ್ನು ಮರೆಯುವುದುಂಟು. ತಂತಿಯ ಸಂಖ್ಯೆಯನ್ನಷ್ಟೇ ಎಣಿಸಿದರೆ ನಮಗಾದ ಗತಿಯೇ ಆಗುವುದು.

ಥಾಮ್ಸನ್ನರ ವಾದ್ಯವು ಜ್ಯಾಕ್ಸನ್ನರಿಗೆ ಪೂರ್ಣ ತೃಪ್ತಿ ಕೊಡಲಿಲ್ಲ. ತಂತಿಗಳ ನಡುವಣ ಅಂತರ ಕಿರಿದಾಯಿತೆಂಬುದು ಮುಖ್ಯ ಆಕ್ಷೇಪ. ಇದು ಕೊಂಕಲ್ಲ, ಲೆಕ್ಕದ ವಿಷಯ. ಫೆಂಡರರ ಬೇಸಿನ ಕುದುರೆಯ ಮೇಲೆ ತಂತಿಯಿಂದ ತಂತಿಗೆ ಸುಮಾರು ೧೯ ಮಿಲಿಮೀಟರ್ ಅಂತರವಿದೆ. ನಾಲ್ಕು ತಂತಿಗಳಿಗೆ ಮೂರು ಎಡೆಗಳು, ಒಟ್ಟು ೫೭ ಮಿಲಿಮೀಟರ್. ಅದೇ ಅಂತರವನ್ನು ಆರು ತಂತಿಗಳಿಗೆ ಕೊಟ್ಟರೆ ಐದು ಎಡೆಗಳು, ಒಟ್ಟು ೯೫ ಮಿಲಿಮೀಟರ್. ಎಡಗೈ ಹೆಬ್ಬೆರಳು ಕುತ್ತಿಗೆಯ ಹಿಂದೆ ನಿಂತು, ಉಳಿದ ಬೆರಳುಗಳು ಇಷ್ಟಗಲವನ್ನು ದಾಟಿ ಆಚೆಯ ತಂತಿಯನ್ನು ಮುಟ್ಟಬೇಕು. ಕುಶಲಿಯು ಎಡಗೈಯ ಮೇಲೆ ಕರುಣೆಯಿಟ್ಟು ತಂತಿಗಳನ್ನು ಒತ್ತಿಟ್ಟರೆ ಬಲಗೈಯ ಬೆರಳು ಪಕ್ಕದ ತಂತಿಗೆ ತಗಲುವುದು. ಯಾವ ಕೈಗೆ ಅನುಕೂಲ ಮಾಡಬೇಕೆಂಬುದನ್ನು ನಿರ್ಣಯಿಸತಕ್ಕವನು ನುಡಿಸುವವನೇ ಹೊರತು ಮಾಡುವವನಲ್ಲ. ಜ್ಯಾಕ್ಸನ್ನರು ಎಡಗೈಯ ಶ್ರಮವನ್ನು ಒಪ್ಪಿಕೊಂಡು ಅಗಲವನ್ನೇ ಬೇಡಿದರು.

ಆದರೆ ಈ ನಿರ್ಣಯವು ಒಂದೇ ದಿನ ಆದುದಲ್ಲ. ಸುಮಾರು ಏಳು ವರ್ಷಗಳ ಕಾಲ ಅವರು ಧ್ವನಿಮುದ್ರಣಗಳಲ್ಲಿ ಬಹುಮಟ್ಟಿಗೆ ನಾಲ್ಕು ತಂತಿಯ ಬೇಸನ್ನೇ ನುಡಿಸಿದರು. ಹೇಳಿ ಮಾಡಿಸಿದ ವಾದ್ಯ ಮನೆಯಲ್ಲಿ, ಅಂಗಡಿಯ ವಾದ್ಯ ಕೆಲಸದಲ್ಲಿ! ಇದರಲ್ಲಿ ನಗೆಪಾಟಲಿನದೇನೂ ಇಲ್ಲ. ಸ್ವತಃ ಬೇಸ್ ವಾದಕರಾದ ಕೆನ್ ಸ್ಮಿತ್ ಅವರು ಮುಂದೆ ಅವರಿಗಾಗಿ ಎರಡು ವಾದ್ಯಗಳನ್ನು ಮಾಡಿಕೊಟ್ಟರು. ಎರಡನೆಯದರಲ್ಲಿ ತಂತಿಗಳ ಅಂತರ ವಿಶಾಲವಾಯಿತು. ೧೯೮೨ರ ಸುಮಾರಿಗೆ ಜ್ಯಾಕ್ಸನ್ನರು ನಾಲ್ಕು ತಂತಿಯ ಬೇಸನ್ನು ಬದಿಗಿಟ್ಟು ಪೂರ್ಣವಾಗಿ ಆರು ತಂತಿಯ ವಾದ್ಯಕ್ಕೆ ಬಂದರು. ಸ್ಮಿತ್ತರಿಗಾಗಿ ಕೆಲಸಮಾಡಿದ್ದ ವಿನ್ನಿ ಫೋಡೆರಾ ಅವರು ೧೯೮೩ರಲ್ಲಿ ಜೋಯಿ ಲಾರಿಸೆಲ್ಲಾ ಅವರೊಡನೆ ಬ್ರೂಕ್ಲಿನ್‌ನಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದ ಮೇಲೆ ಈ ಪ್ರಯೋಗ ಅಲ್ಲಿ ಮುಂದುವರಿಯಿತು. ಕಾರ್ಯಾಗಾರ ಬದಲಾಯಿತು, ಕುಶಲಿಗಳು ಬದಲಾದರು. ಹೇಳಿಕೆ ಮಾತ್ರ ಒಂದೇ. ಥಾಮ್ಸನ್ನರ ಲೋಪವನ್ನು ತಿದ್ದಿ ಸ್ಮಿತ್, ಸ್ಮಿತ್ತರ ಲೋಪವನ್ನು ತಿದ್ದಿ ಫೋಡೆರಾ ಎಂದು ಇದನ್ನು ಹೇಳುವವರುಂಟು. ಮೊದಲು ಮಾಡಿದವನಿಗೆ ಅನ್ಯಾಯವಾಗುವಂತಹ ಮಾತಿದು. ಯಾವ ಅಂತರ ಸಾಲದೆಂಬುದು ಥಾಮ್ಸನ್ನರ ವಾದ್ಯವನ್ನು ನುಡಿಸಿದ ಮೇಲಲ್ಲವೆ ತಿಳಿದುದು? ಜ್ಯಾಕ್ಸನ್ನರಿಗೂ ಮೊದಲು ತಿಳಿದಿದ್ದರೆ ಮೊದಲೇ ಹೇಳುತ್ತಿದ್ದರು.

ಮತ್ತೊಂದು ತೊಡಕು ಉದ್ದದ್ದು. ತಂತಿಯ ಕಂಪನವು ಅದರ ಉದ್ದ, ತೂಕ, ಬಿಗಿ ಇವುಗಳಿಂದ ನಿರ್ಣಯವಾಗುವುದೆಂಬುದನ್ನು ಫ್ರಾನ್ಸಿನ ಮರ್ಸೆನ್ನನು ೧೬೩೬ರಲ್ಲಿಯೇ ಗ್ರಂಥಸ್ಥಗೊಳಿಸಿದನು. ಕೆಳಗಿನ ಬಿ ಸ್ವರವನ್ನು ೩೪ ಅಂಗುಲದ ತಂತಿಯಿಂದ ಪಡೆಯಬೇಕಾದರೆ ಒಂದೋ ಬಿಗಿಯನ್ನು ಇಳಿಸಬೇಕು, ಆಗ ತಂತಿ ಸಡಿಲವಾಗಿ ಮೆಟ್ಟಿಲಿಗೆ ಬಡಿಯುವುದು. ಇಲ್ಲವೆ ತಂತಿಯನ್ನು ದಪ್ಪಮಾಡಬೇಕು, ಆಗ ಅದು ತಂತಿಯಂತೆ ಕಂಪಿಸದೆ ಸಲಾಕೆಯಂತೆ ಕಂಪಿಸತೊಡಗಿ ನಾದ ಮಂಕಾಗುವುದು. ಮೂರನೆಯ ಮಾರ್ಗ ಉದ್ದವನ್ನು ಹೆಚ್ಚಿಸುವುದು. ಜ್ಯಾಕ್ಸನ್ನರ ಫೋಡೆರಾ ವಾದ್ಯಗಳಲ್ಲಿ ೩೬ ಅಂಗುಲ ನೆಲೆಗೊಂಡಿತು. ಎರಡೇ ಅಂಗುಲವೆಂದು ಇದನ್ನು ಅಲ್ಪವೆನ್ನಲಾಗದು. ಅದೇ ತಂತಿ, ಅದೇ ಸ್ವರವಿರುವಾಗ ಬಿಗಿಯು ಉದ್ದದ ವರ್ಗದಂತೆ ಹೆಚ್ಚುವುದರಿಂದ, ಶೇಕಡ ೧೨ರಷ್ಟು ಬಿಗಿ ದೊರೆಯುವುದು. ಇದಕ್ಕೆ ತೆರಬೇಕಾದ ಬೆಲೆಯನ್ನು ಎಡಗೈಯೇ ತೆರಬೇಕು: ಮೊದಲನೆಯ ಮೆಟ್ಟಿಲು ೪೮ ಮಿಲಿಮೀಟರಿನಿಂದ ೫೧ ಮಿಲಿಮೀಟರಿಗೆ ಸರಿಯುವುದು. ನಮ್ಮ ವೈಣಿಕರು ಕೊಡದಿಂದ ಬಿರಡೆಯವರೆಗೆ ಕೈಚಾಚಿ ನೋಡಿ ವೀಣೆಯನ್ನು ಒಪ್ಪುವುದನ್ನು ಬಲ್ಲವರಿಗೆ ಮೂರು ಮಿಲಿಮೀಟರಿನ ಭಾರ ತಿಳಿಯದಿರದು.

೧೯೮೯ರಲ್ಲಿ ಫೋಡೆರಾ ಕಾರ್ಯಾಗಾರದಲ್ಲಿ ಸಿದ್ಧವಾದ ವಾದ್ಯದಲ್ಲಿ ಒಡಲಿನ ಮೇಲುಭಾಗದ ಕಚ್ಚನ್ನು ತೆಗೆದುಹಾಕಲಾಯಿತು. ಒಡಲು ಕುತ್ತಿಗೆಯನ್ನು ಒಂದು ಪಕ್ಕದಲ್ಲಿ ಭುಜದಂತೆ ಹಿಡಿದು ಮೇಲಕ್ಕೆ ಹಬ್ಬಿತು. ಆರು ದಪ್ಪ ತಂತಿಗಳ ಸೆಳೆತಕ್ಕೆ ನೀಳವಾದ ಕುತ್ತಿಗೆ ಬಾಗದಿರಲು ಇದು ಸಹಾಯಕ. ಇಂದು ಒಂದೇ ಕಚ್ಚಿನ ಈ ಆಕಾರವನ್ನು ಅನೇಕರು ಅನುಕರಿಸಿದ್ದಾರೆ. ಅದಕ್ಕಿಂತಲೂ ನಮಗೆ ಕುತೂಹಲಕರವಾಗಿ ತೋರಿದುದು ಬೇರೊಂದು ಅಂಶ. ಜ್ಯಾಕ್ಸನ್ನರ ವಾದ್ಯದ ಮೇಲೆ ಒಂದು ಗುಬುಟೂ ಇಲ್ಲ. ನಾದವನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆಯಿಲ್ಲ, ಬಣ್ಣ ಬದಲಾಯಿಸುವ ತಿರುಗಣೆಯಿಲ್ಲ. ಪಿಕಪ್ಪಿನಿಂದ ತಂತಿಯು ನೇರವಾಗಿ ಹೊರಗೆ ಹೋಗುವುದು. ಅವರು ಕುಳಿತು ನುಡಿಸಿದರು. ನಾದದ ಏರಿಳಿತವನ್ನು ಪಾದದ ಕೆಳಗಿನ ಮೆಟ್ಟುಗೆಯಿಂದ ನಡೆಸಿದರು. ಬ್ಯಾಟರಿ, ವರ್ಧಕ, ಗುಬುಟುಗಳಿಂದ ತುಂಬಿದ ಆಲೆಂಬಿಕ್ಕಿನ ವಾದ್ಯದೊಡನೆ ಇದನ್ನು ಹೋಲಿಸಿ ನೋಡಬೇಕು. ಬೇಕಾದುದನ್ನೆಲ್ಲ ಕೂಡಿಸುವುದೂ ಹೇಳಿ ಮಾಡಿಸುವುದೇ, ಬೇಡವಾದುದನ್ನೆಲ್ಲ ಕಳೆಯುವುದೂ ಹೇಳಿ ಮಾಡಿಸುವುದೇ. ಅಂಗಡಿಯವನು ಎರಡನ್ನೂ ಮಾಡಲಾರನು.

ಮೆಟ್ಟಿಲುಗಳು ೨೮ ಆದುದರಿಂದ ವಾದ್ಯದ ವಿಸ್ತಾರ ನಾಲ್ಕು ಸ್ಥಾಯಿಗಳನ್ನು ಮೀರಿತು. ೨೦ ಮೆಟ್ಟಿಲುಗಳ ನಾಲ್ಕು ತಂತಿಯ ಬೇಸಿನ ವಿಸ್ತಾರ ಮೂರು ಸ್ಥಾಯಿಗಳಿಗೂ ಕೊಂಚ ಕಡಿಮೆ. ೨೦೧೧ರಲ್ಲಿ ಜಪಾನಿನ ಪಿಯಾನೋ ವಾದಕಿ ಹಿರೋಮಿ ಅವರ ‘ವಾಯ್ಸ್’ ಎಂಬ ಮುದ್ರಿಕೆಯಲ್ಲಿ ಜ್ಯಾಕ್ಸನ್ನರು ಈ ವಿಸ್ತಾರವನ್ನು ಬಳಸಿದ ಬಗೆಯನ್ನು ಕೇಳಬಹುದು. ಪಿಯಾನೋವಿನ ಎಡಗೈಗೆ ಅಡ್ಡಬಾರದೆ ಅದರ ಕೆಳಗೆ ಹಾಯುವ ಜಾಣ್ಮೆ ಅಲ್ಲಿದೆ.

ಇನ್ನು ಜ್ಯಾಕ್ಸನ್ನರ ಮೂಲವಾದವನ್ನು ಪರೀಕ್ಷಿಸಬೇಕು. ಆರು ತಂತಿಗಳು ಮೊದಲಿನಿಂದಲೇ ಇರಬೇಕಾಗಿದ್ದುವೆಂಬುದು ತರ್ಕವಾಗಿ ಚೆನ್ನಾಗಿದೆ, ಇತಿಹಾಸವಾಗಿ ಒಪ್ಪತಕ್ಕುದಲ್ಲ. ೧೯೫೧ರಲ್ಲಿ ಫೆಂಡರರ ಗಿರಾಕಿಯು ನೃತ್ಯಮಂಡಳಿಗಳ ಬೇಸ್ ವಾದಕನು. ಅವನಿಗೆ ಬೇಕಾದುದು ಹೊತ್ತು ತಿರುಗಲು ಹಗುರವಾದ, ತನಗೆ ತಿಳಿದ ನಾಲ್ಕು ತಂತಿಗಳ, ಗದ್ದಲದಲ್ಲಿ ಕೇಳಿಸುವ ವಾದ್ಯ. ಆರು ತಂತಿ ಕೊಟ್ಟಿದ್ದರೆ ಅವನು ಕೊಳ್ಳುತ್ತಿರಲಿಲ್ಲ. ಮೇಲಾಗಿ ಆ ಕಾಲದ ಧ್ವನಿವರ್ಧಕಗಳು ಇ ಸ್ವರವನ್ನೇ ಸರಿಯಾಗಿ ಹೊರಡಿಸಲು ಏದುಸಿರು ಬಿಡುತ್ತಿದ್ದುವು. ಬಿ ಸ್ವರದ ಮಾತೆಲ್ಲಿ ಬಂತು. ಆದರೆ ಜ್ಯಾಕ್ಸನ್ನರಿಗೆ ಅನುಕೂಲವಾದ ಸಾಕ್ಷ್ಯವೂ ಇದೆ, ಅದು ಇನ್ನೂ ಹಿಂದಿನದು. ಹದಿನಾರು, ಹದಿನೇಳನೆಯ ಶತಮಾನಗಳ ಯೂರೋಪಿನಲ್ಲಿ ‘ವಿಯೊಲೋನೆ’ ಎಂಬ ಮಂದ್ರವಾದ್ಯವಿದ್ದಿತು. ಅದಕ್ಕೆ ಕರುಳಿನಿಂದ ಕಟ್ಟಿದ ಮೆಟ್ಟಿಲುಗಳಿದ್ದುವು. ಸಾಮಾನ್ಯವಾಗಿ ಆರು ತಂತಿಗಳಿದ್ದುವು. ಜರ್ಮನಿಯ ವಾದ್ಯವೃಂದಗಳ ಡಬಲ್ ಬೇಸಿನಲ್ಲಿ ಇಂದಿಗೂ ಐದನೆಯ ತಂತಿಯಾಗಿ ಇದೇ ಕೆಳಗಿನ ಬಿ ಕಾಣುವುದು. ನಾಲ್ಕು ತಂತಿಯೇ ಬೇಸಿನ ಸಹಜ ಸ್ಥಿತಿಯೆಂದು ಜ್ಯಾಕ್ಸನ್ನರನ್ನು ಗೇಲಿಮಾಡಿದವರು ಸಂಪ್ರದಾಯವನ್ನು ಹಿಡಿದಿದ್ದರು, ಸರಿ. ಆದರೆ ಹಳೆಯ ಸಂಪ್ರದಾಯವನ್ನಲ್ಲ.

ಇದೇ ಕಾಲದಲ್ಲಿ ಬೇರೊಬ್ಬರು ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಜಿಮ್ಮಿ ಜಾನ್ಸನ್ ಅವರು ೧೯೭೬ರ ಹೊತ್ತಿಗೆ ಆಲೆಂಬಿಕ್ಕಿನಿಂದ ಪಡೆದ ಐದು ತಂತಿಯ ಬೇಸಿಗೆ, ಮೇಲಿನ ಸಿ ತಂತಿಗೆ ಬದಲಾಗಿ ಕೆಳಗಿನ ಬಿ ತಂತಿಯನ್ನು ಹೂಡಿದರು. ಅವರ ತಂದೆ ವಾದ್ಯವೃಂದದಲ್ಲಿ ಡಬಲ್ ಬೇಸ್ ನುಡಿಸುತ್ತಿದ್ದವರು. ಮಂದ್ರದ ಬಿ ಸ್ವರವು ಆ ಮನೆಗೆ ಅಪರಿಚಿತವಾಗಿರಲಿಲ್ಲ. ಮುಂದೆ ೧೯೮೦ರ ದಶಕದಲ್ಲಿ ಸಿಂಥಸೈಸರ್ ಯಂತ್ರಗಳು ಇ ಸ್ವರಕ್ಕಿಂತ ಕೆಳಗಿಳಿದು ಬೇಸ್ ವಾದಕರ ಅನ್ನಕ್ಕೇ ಸಂಚಕಾರ ತಂದಾಗ, ಈ ಐದನೆಯ ತಂತಿಗೆ ಬೇಡಿಕೆ ಹುಟ್ಟಿತು. ಕಾರ್ಖಾನೆಗಳು ಐದು, ಆರು ತಂತಿಯ ಬೇಸುಗಳನ್ನು ಮಾಡತೊಡಗಿದುವು. ಹೇಳಿ ಮಾಡಿಸಿದುದು ಹೀಗೆ ಅಂಗಡಿಗೆ ಬಂದಿತು. ನಮ್ಮ ವಿದ್ಯಾರ್ಥಿಯು ಬಯಸಿದ್ದರೆ ಅವನಿಗೂ ಅಂಗಡಿಯಲ್ಲಿಯೇ ದೊರೆಯುತ್ತಿತ್ತು.

ಮರದ ವಿಷಯದಲ್ಲಿ ಈ ಕಥೆ ನಮ್ಮ ನಾಡಿಗೂ ತಗಲುತ್ತದೆ. ಬೆರಳಾಡುವ ಪಟ್ಟಿಗೆ ಗಟ್ಟಿಯಾದ, ಬೆವರಿಗೆ ಕೆಡದ ಮರ ಬೇಕು. ೧೯೫೯ರಿಂದ ಫೆಂಡರರು ಈ ಪಟ್ಟಿಗೆ ಬ್ರೆಜಿಲಿನ ರೋಸ್‌ವುಡ್ಡನ್ನು ಬಳಸಿದರು. ೧೯೬೦ರ ದಶಕದಲ್ಲಿ ಆ ದೇಶವು ದಿಮ್ಮಿಗಳ ರಫ್ತನ್ನು ತಡೆದುದರಿಂದ ಅಮೆರಿಕದ ಗಿಟಾರ್ ತಯಾರಕರು ಭಾರತದ ರೋಸ್‌ವುಡ್ಡಿನತ್ತ, ಎಂದರೆ ನಮ್ಮ ಬೀಟೆಯತ್ತ, ತಿರುಗಿದರು. ಹೆಸರಾಂತ ಮಾರ್ಟಿನ್ ಸಂಸ್ಥೆಯು ಬದಲಾಯಿಸಿದುದು ೧೯೬೯ರಲ್ಲಿ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡಗಳ ಕಾಡಿನಲ್ಲಿ ಬೆಳೆಯುವ, ಮೈಸೂರಿನ ಕುಂದಣದ ಕೆಲಸಗಾರರು ತಲೆತಲಾಂತರದಿಂದ ಬಳಸುತ್ತ ಬಂದ ಮರವಿದು. ಕೊಡಗಿನ ಬೆಳೆಗಾರನ ತೋಟದಲ್ಲಿಯೇ ನಿಂತ ಬೀಟೆಯ ಮೇಲೆ ಅವನಿಗೆಷ್ಟು ಹಕ್ಕು, ಸರ್ಕಾರಕ್ಕೆಷ್ಟು ಎಂಬ ವ್ಯಾಜ್ಯ ಬಹುಕಾಲದ್ದು. ೨೦೧೭ರ ಜನವರಿಯಲ್ಲಿ ಈ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಾಗ ಗಿಟಾರ್ ಕುಶಲಿಗಳು ಪರವಾನಗಿಯ ಕಾಗದಗಳಿಗಾಗಿ ಅಲೆಯಬೇಕಾಯಿತು. ೨೦೧೯ರ ನವೆಂಬರಿನಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ದಿಮ್ಮಿಗೂ ಹಲಗೆಗೂ ಆ ವಿನಾಯಿತಿಯಿಲ್ಲ.

ಕಡೆಯದಾಗಿ ಆಧಾರಗಳ ಮಾತು. ೧೬೯೦ರಲ್ಲಿ ಇಟಲಿಯ ಕ್ರೆಮೋನದ ಸ್ಟ್ರಾಡಿವಾರಿಯು ಫ್ಲಾರೆನ್ಸಿನ ಮೆಡಿಚಿ ಅರಮನೆಗಾಗಿ ವಾದ್ಯಗಳನ್ನು ಮಾಡಿಕೊಟ್ಟನು. ಅವುಗಳಿಗಾಗಿ ಅವನು ಕತ್ತರಿಸಿಕೊಂಡ ಕಾಗದದ ಮಾದರಿಗಳು, ಅವನ ಕೈಬರಹದ ಟಿಪ್ಪಣಿಗಳೊಡನೆ, ಕ್ರೆಮೋನದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಮೂರು ಶತಮಾನ ದಾಟಿದ ಮೇಲೂ ಯಾರು ಏನನ್ನು ಬೇಡಿದರು, ಕುಶಲಿಯು ಅದನ್ನು ಹೇಗೆ ಅರ್ಥಮಾಡಿಕೊಂಡನು ಎಂಬುದನ್ನು ಅಲ್ಲಿ ನೋಡಬಹುದು. ೧೯೭೫ರ ಬ್ರೂಕ್ಲಿನ್‌ನ ವಾದ್ಯಕ್ಕೆ ಬಂದರೆ ನಾವು ಬಹುಮಟ್ಟಿಗೆ ಸಂದರ್ಶನಗಳಲ್ಲಿ ಹೇಳಿದ ನೆನಪುಗಳನ್ನೇ ಅವಲಂಬಿಸಬೇಕಾಗಿದೆ. ಮಾಡಿಸಿದವನ ನೆನಪಿನಲ್ಲಿ ತನ್ನ ಹೇಳಿಕೆ ದೊಡ್ಡದಾಗಿರುವುದು, ಮಾಡಿದವನ ನೆನಪಿನಲ್ಲಿ ತನ್ನ ಉಳಿ ದೊಡ್ಡದಾಗಿರುವುದು ಸಹಜವಷ್ಟೆ.

ನಮ್ಮ ವಿದ್ಯಾರ್ಥಿಯನ್ನು ಇದೇ ವಿಷಯವಾಗಿ ವಿಚಾರಿಸಿದೆವು. ಬೇರೆ ಊರಿನ ಕುಶಲಿಯೊಬ್ಬರಿಗೆ ಅರ್ಧ ಹಣ ಮುಂಗಡ ಕೊಟ್ಟು, ತನ್ನ ಎಡಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಬೇಕಾದ ಅಂತರಗಳನ್ನು ಪಕ್ಕದಲ್ಲಿ ಬರೆದು ಕಳುಹಿಸಿದ್ದೆನೆಂದು ಅವನು ಹೇಳಿದನು. ಕುಶಲಿಯು ಒಂದು ಅಂತರವನ್ನು ಒಪ್ಪದೆ ಹೊಡೆದುಹಾಕಿ ಬೇರೆ ಅಂಕಿಯನ್ನು ಬರೆದರಂತೆ. ನುಡಿಸಿ ನೋಡಿದ ಮೇಲೆ ಅವರೇ ಸರಿಯೆಂದು ತೋರಿತಂತೆ. ಆ ಕಾಗದವನ್ನು ವಿಭಾಗದ ಸಂಗ್ರಹಕ್ಕೆ ಕೊಡುವೆಯಾ ಎಂದು ಕೇಳಿದೆವು. “ಅದು ಅವರ ಹತ್ತಿರವೇ ಇದೆ ಸರ್, ಇ��್ನೊಂದು ಮಾಡೋವಾಗ ಬೇಕಾಗುತ್ತೆ ಅಂದರು” ಎಂದನು. ಕುಶಲಿಗೆ ನಾವು ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.